ಮೂರು ಮಳೆಗಾಲ ದಾಟಿಸಿ: ಕರಾವಳಿಯಲ್ಲಿ ಹೆಣ್ಣು ಬಾಲ್ ಪೈಥಾನ್ ಮರಿಯ ಸಾಕಣೆ

ಬಾಲ್ ಪೈಥಾನ್ ಎಂಬ ಆಫ್ರಿಕಾದ ಚಿಕ್ಕ ಹೆಬ್ಬಾವನ್ನು ಸಾಕುವ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರು ಕೊಟ್ಟವು. ಹೀಟರ್ ಉರಿಯುವ ಒಣ ಕೋಣೆ ಅವರದು. ಹಾಗಾಗಿ ದಿನಾ ನೀರು ಸಿಂಪಡಿಸಿ, ತೇವ ಏರಿಸಿ ಎನ್ನುತ್ತಾರೆ. ಕಾರವಾರದಲ್ಲಿ ಜೂನ್ ತಿಂಗಳಲ್ಲಿ ಅದನ್ನೇ ಮಾಡಿದರೆ ಹಾವಿನ ಹೊಟ್ಟೆಯ ಚರ್ಮ ಕೊಳೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿನ ಗಾಳಿಯಲ್ಲೇ ಶೇ. 85ರ ಆಸುಪಾಸು ತೇವ ಇರುತ್ತದೆ. ಹೆಣ್ಣು ಮರಿ ಗಂಡಿಗೆ ಕೂಡಿಸುವ ಗಾತ್ರಕ್ಕೆ ಬರಲು ಸುಮಾರು ಮೂರು ವರ್ಷ ಬೇಕು, ಅಂದರೆ ಅದನ್ನು ಮೂರು ಮಳೆಗಾಲ ಆರೋಗ್ಯವಾಗಿ ದಾಟಿಸಬೇಕು. ಅದಕ್ಕೆ ನಾನು ಅನುಸರಿಸುವ ಕ್ರಮ ಇದು.

ಮೊದಲು ಕಾಗದಪತ್ರ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿಯ ನಂತರ ಇಂಥ ಪ್ರಾಣಿಗಳು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಬರುತ್ತವೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ, ಮೊಟ್ಟೆ ಇಡಿಸಿ ಮರಿ ಮಾಡಿಸುವವರಿಗೆ ಬೇರೆಯೇ ಲೈಸೆನ್ಸ್ ಬೇಕು. ನಮ್ಮ ಕಾಡಿನ ಹೆಬ್ಬಾವು ಮೊದಲ ಅನುಸೂಚಿಯದು, ಅದನ್ನು ಸಾಕುವಂತೆಯೇ ಇಲ್ಲ. ಅಕ್ಕಪಕ್ಕದವರಿಗೆ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ, ಹಾಗಾಗಿ ನೋಂದಣಿಯ ಪ್ರತಿ ಹಾವಿನ ಕೋಣೆಯಲ್ಲೇ ಇರಲಿ. ಸಾಕಲಾಗದಿದ್ದರೆ ಕಾನೂನಿನ ಪ್ರಕಾರ ಬೇರೆಯವರಿಗೆ ವರ್ಗಾಯಿಸಿ. ನಮ್ಮ ಕಾಡಿಗೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಮರಿ ಹೆಣ್ಣೇ ಎಂದು ಖಾತ್ರಿಯಾಗದೆ ಮೂರು ವರ್ಷದ ಕೆಲಸಕ್ಕೆ ಇಳಿಯಬಾರದು. ಗುದದ್ವಾರದ ಪಕ್ಕದ ಉಗುರಿನಂಥ ಮೊನೆ ಚಿಕ್ಕದಿದೆ, ಆದ್ದರಿಂದ ಹೆಣ್ಣು ಎನ್ನುವ ಮಾತು ನಂಬಲು ಸಾಲದು. ನುರಿತವರು ಗುದದ್ವಾರದಿಂದ ಬಾಲದ ಕಡೆಗೆ ಪ್ರೋಬ್ ಎಂಬ ತೆಳು ಸಲಾಕೆ ಹಾಕಿ ನೋಡಬೇಕು: ಹೆಣ್ಣಿನಲ್ಲಿ ಅದು ಬಾಲದ ಎರಡರಿಂದ ನಾಲ್ಕು ಹುರುಪೆಯಷ್ಟೇ ಒಳಹೋಗುತ್ತದೆ, ಗಂಡಿನಲ್ಲಿ ಅದಕ್ಕಿಂತ ಬಹಳ ಆಳಕ್ಕೆ. ಅಭ್ಯಾಸವಿಲ್ಲದವರು ಕೈ ಹಾಕಿದರೆ ಒಳಗೆ ಗಾಯವಾಗುತ್ತದೆ.

ಮೊಟ್ಟೆಯೊಡೆದ ಮರಿ 50ರಿಂದ 80 ಗ್ರಾಂ ಇರುತ್ತದೆ. ಅದಕ್ಕೆ ಆರೇಳು ಲೀಟರಿನ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬ ಸಾಕು. ಮರಿಗೆ ಬಯಲು ಎಂದರೆ ಭಯ, ದೊಡ್ಡ ಪೆಟ್ಟಿಗೆಗೆ ಬಿಟ್ಟರೆ ಊಟ ಬಿಡುತ್ತದೆ. 300 ಗ್ರಾಂ ದಾಟಿದ ಮೇಲೆ 20 ಲೀಟರಿನ ಡಬ್ಬ, ಸಾವಿರ ಗ್ರಾಂ ಹತ್ತಿರ ಬಂದಾಗ 120 × 60 ಸೆಂ.ಮೀ. ನೆಲವಿರುವ ಗೂಡು. ಈ ಗೂಡನ್ನು ಪ್ಲೈವುಡ್‌ನಲ್ಲಿ ಮಾಡಿಸಬೇಡಿ, ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿ ಬೂಷ್ಟು ಹಿಡಿಯುತ್ತದೆ. ಪಿವಿಸಿ ಹಲಗೆ ಒಳ್ಳೆಯದು. ತಿರುಪು, ಬಿಜಾಗರಿಗಳು ಸ್ಟೀಲ್ ಅಥವಾ ಹಿತ್ತಾಳೆಯವೇ ಆಗಲಿ. ಕಬ್ಬಿಣದವನ್ನು ಉಪ್ಪುಗಾಳಿ ಬೇಗ ತಿಂದುಹಾಕುತ್ತದೆ, ಬಾಗಿಲು ಸಡಿಲವಾದ ದಿನ ಹಾವು ಹೊರಗೆ.

ಅಡಗಲು ಎರಡು ಜಾಗ ಬೇಕು, ಬಿಸಿ ತುದಿಯಲ್ಲಿ ಒಂದು, ತಂಪು ತುದಿಯಲ್ಲಿ ಒಂದು. ಒಂದೇ ಇಟ್ಟರೆ ಹಾವು ಮೈಗೆ ಬೇಕಾದ ಬಿಸಿಗಿಂತ ಅಡಗುತಾಣವನ್ನೇ ಆರಿಸಿಕೊಂಡು ತಂಪಿನಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ತೂತು ಕೊರೆದ ಮಣ್ಣಿನ ಕುಡಿಕೆಯನ್ನು ಬೋರಲು ಹಾಕಿ ಇಡುತ್ತೇನೆ. ಸುತ್ತಿಕೊಂಡು ಕೂತಾಗ ಮೈ ಮೂರು ಕಡೆ ಗೋಡೆಗೆ ತಾಗುವಷ್ಟು ಇಕ್ಕಟ್ಟಿರಬೇಕು. ಬೇಸಿಗೆಯಲ್ಲಿ ಅಡಿಕೆ ಹಾಳೆಯನ್ನು ಕಮಾನಿನಂತೆ ಬಾಗಿಸಿ ಇಟ್ಟರೂ ನಡೆಯುತ್ತದೆ. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಬರುವುದರಿಂದ ತೆಗೆದುಬಿಡುತ್ತೇನೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ: ನೆಲ. ಈ ಹಾವು ತನ್ನ ಊರಿನಲ್ಲಿ ಹಗಲನ್ನು ಇಲಿಬಿಲ, ಗೆದ್ದಲ ಹುತ್ತಗಳ ಒಳಗೆ ಕಳೆಯುತ್ತದೆ. ಅಲ್ಲಿ ಗಾಳಿಯಲ್ಲಿ ತೇವ ಇದ್ದರೂ ಹೊಟ್ಟೆಯಡಿ ನೀರು ನಿಲ್ಲುವುದಿಲ್ಲ. ಗಾಳಿ ಶೇ. 60ರಿಂದ 70 ಇದ್ದರೆ ಅದಕ್ಕೆ ಹಿತ. 80 ಆದರೂ ನೆಲ ಒಣಗಿದ್ದು ಗಾಳಿ ಆಡುತ್ತಿದ್ದರೆ ತಡೆದುಕೊಳ್ಳುತ್ತದೆ. ಒದ್ದೆ ನೆಲ, ನಿಂತ ಗಾಳಿ, ತಂಪು ಈ ಮೂರೂ ಕೂಡಿದಾಗ ಕಾಯಿಲೆ ಶುರು. ಅದಕ್ಕೆ ಜೂನ್ ಬರುತ್ತಲೇ ನೆಲಕ್ಕೆ ಹಾಸಿದ ತೆಂಗಿನ ನಾರಿನ ಪುಡಿ ಪೂರ್ತಿ ತೆಗೆದು ನಾಲ್ಕು ಪದರ ಪತ್ರಿಕೆ ಹಾಸುತ್ತೇನೆ. ಒದ್ದೆಯಾದ ತಕ್ಷಣ ಕಾಣುತ್ತದೆ, ಆಗಲೇ ಬದಲಿಸಬಹುದು. ನೀರಿನ ಬಟ್ಟಲು ಚಿಕ್ಕದು, ಭಾರದ್ದು, ತಂಪು ತುದಿಯಲ್ಲಿ. ಬಿಸಿ ತುದಿಯಲ್ಲಿಟ್ಟರೆ ನೀರು ಆವಿಯಾಗಿ ತೇವ ಇನ್ನೂ ಏರುತ್ತದೆ. ಡಬ್ಬದ ಎರಡೂ ಪಕ್ಕಕ್ಕೆ 5 ಮಿ.ಮೀ. ತೂತುಗಳ ಸಾಲು ಎದುರುಬದುರಾಗಿ ಇರಬೇಕು, ಒಂದೇ ಕಡೆ ಕೊರೆದರೆ ಗಾಳಿ ಹಾಯುವುದಿಲ್ಲ. ನಾರಿನ ಪುಡಿ ಮರಳಿ ಹಾಕುವುದು ನವೆಂಬರ್ ನಂತರ.

ವಾರಕ್ಕೊಮ್ಮೆ ಹೊಟ್ಟೆ ನೋಡಲೇಬೇಕು. ಹಾವನ್ನು ಎರಡು ಕೈಗಳ ಮೇಲೆ ಹರಿಯಲು ಬಿಟ್ಟು, ಕೆಳಗಿನಿಂದ ಟಾರ್ಚ್ ಹಿಡಿಯಿರಿ. ಆರೋಗ್ಯದ ಹೊಟ್ಟೆಯ ಹುರುಪೆ ದಂತದ ಬಿಳುಪು, ಅಂಚು ಒಂದರ ಮೇಲೊಂದು ಸಪಾಟಾಗಿ ಕೂತಿರುತ್ತದೆ. ಅಂಚು ತುಸು ಎದ್ದು, ಬಣ್ಣ ಗುಲಾಬಿಯಿಂದ ಕಂದಿಗೆ ತಿರುಗಿ, ಅಡಿಯಲ್ಲಿ ನೀರು ತುಂಬಿದ ಗುಳ್ಳೆ ಕಂಡರೆ ಅದು ಹುರುಪೆ ಕೊಳೆತ. ಈ ಹಂತದಲ್ಲಿ ಒಣ ಕಾಗದದ ಮೇಲಿಟ್ಟು ವೈದ್ಯರಿಗೆ ತೋರಿಸಿದರೆ ಒಂದೆರಡು ಪೊರೆಯಲ್ಲಿ ಗುಣವಾಗುತ್ತದೆ. ಗುಳ್ಳೆ ಒಡೆದು ಸೋಂಕು ಒಳಗಿಳಿದರೆ ಜೀವಕ್ಕೇ ಅಪಾಯ. ಹಾಗೆಯೇ ಉಸಿರಾಡುವಾಗ ಸಿಳ್ಳೆಯಂಥ ಸದ್ದು, ಮೂಗಿನಲ್ಲಿ ನೊರೆ, ಬಾಯಿ ತೆರೆದು ತಲೆ ಎತ್ತಿ ಕೂರುವುದು ಶ್ವಾಸಕೋಶದ ಸೋಂಕಿನ ಲಕ್ಷಣ. ಹಾವಿನ ಚಿಕಿತ್ಸೆ ಗೊತ್ತಿರುವ ಪಶುವೈದ್ಯರು ಎಲ್ಲೆಡೆ ಸಿಗುವುದಿಲ್ಲ, ಹಾವು ತರುವ ಮೊದಲೇ ಒಬ್ಬರನ್ನು ವಿಚಾರಿಸಿಟ್ಟುಕೊಳ್ಳಿ.

ಬಿಸಿ ತುದಿ 31ರಿಂದ 32 ಡಿಗ್ರಿ, ತಂಪು ತುದಿ 25ರಿಂದ 27. ನೆಲದ ಮೂರನೇ ಒಂದು ಭಾಗದ ಅಡಿಯಲ್ಲಿ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಹಾಕಿ, ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟಿನ ಪ್ರೋಬನ್ನು, ಅಂದರೆ ಬಿಸಿ ಅಳೆಯುವ ತಂತಿಯ ತುದಿಯನ್ನು, ಮ್ಯಾಟ್ ಮತ್ತು ಡಬ್ಬದ ನಡುವೆ ಅಂಟಿಸಬೇಕು. ಡಬ್ಬದೊಳಗೆ ಇಟ್ಟರೆ ಹಾವು ಅದನ್ನು ಪಕ್ಕಕ್ಕೆ ತಳ್ಳುತ್ತದೆ ಇಲ್ಲವೇ ಒದ್ದೆ ಮಾಡುತ್ತದೆ. ಪ್ರೋಬ್ ತಂಪೆಂದು ತೋರಿಸುತ್ತಲೇ ಹೋಗಿ ಮ್ಯಾಟ್ ಸುಡುತ್ತದೆ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕೋಣೆಯೇ 32 ದಾಟುತ್ತದೆ, ಆಗ ಮ್ಯಾಟ್ ಆರಿಸಿ ಡಬ್ಬವನ್ನು ನೆಲಮಟ್ಟಕ್ಕೆ ಇಳಿಸಿ. ಮಳೆಗಾಲದಲ್ಲಿ ಮಾತ್ರ ಮ್ಯಾಟ್ ಹಗಲೂ ರಾತ್ರಿ ಇರಲಿ, ಬಿಸಿ ತುದಿಯ ಕಾಗದ ಒಣಗಿರುವುದೂ ಅದರಿಂದಲೇ. ಮ್ಯಾಟ್ ಎಳೆಯುವುದು 15–20 ವ್ಯಾಟ್ ಅಷ್ಟೆ, ಮನೆಯ ಇನ್ವರ್ಟರ್ ಸಾಕು. ಕರೆಂಟು ದಿನಗಟ್ಟಲೆ ಬಾರದಿದ್ದರೆ ಕಾರವಾರದ ಮಳೆಗಾಲದಲ್ಲಿ ಹಾವಿಗೆ ಅಪಾಯವಿಲ್ಲ, ಆದರೆ ಊಟ ಕೊಡಬೇಡಿ. ಬಿಸಿ ಇಲ್ಲದೆ ಜೀರ್ಣವಾಗದ ಇಲಿಯನ್ನು ಕಕ್ಕಿಬಿಡುತ್ತದೆ. ಶಿರಸಿ ಕಡೆಯವರಿಗೆ ಚಳಿಗಾಲದ ರಾತ್ರಿಗಳೇ ಕಷ್ಟ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಮ್ಯಾಟ್ ಒಂದೇ ಸಾಲುವುದಿಲ್ಲ, ಗೂಡಿನ ಮೂರು ಬದಿಗೆ ಥರ್ಮಾಕೋಲ್ ಹಚ್ಚಬೇಕಾಗುತ್ತದೆ.

ಊಟಕ್ಕೆ ಸಾಕಿದ ಬಿಳಿ ಇಲಿ. ಗದ್ದೆ, ಮನೆಯ ಇಲಿ ಹಿಡಿದು ಹಾಕುವುದು ಬೇಡ: ಇಲಿಪಾಷಾಣ ತಿಂದಿರಬಹುದು, ಉಣ್ಣಿ ಹೊತ್ತು ತರಬಹುದು. ಇಲಿಜ್ವರದ ಭಯ ಮನೆಯವರಿಗೂ ಇದೆ. ಒಂದು ಗಂಡು, ಮೂರು ಹೆಣ್ಣಿನ ಗುಂಪು ಸಾಕಿದರೆ 21ರಿಂದ 23 ದಿನದ ಗರ್ಭಕ್ಕೆ ಎಂಟು-ಹತ್ತು ಮರಿ ಸಿಗುತ್ತವೆ. ಏಪ್ರಿಲ್, ಮೇ ಸೆಕೆಯಲ್ಲಿ ಇಲಿಗಳು ಮರಿ ಹಾಕುವುದು ಕಡಿಮೆಯಾಗುತ್ತದೆ, ಆದ್ದರಿಂದ ಫೆಬ್ರವರಿ ಒಳಗೇ ಬೇಕಾದ ಗಾತ್ರದವನ್ನು ಫ್ರೀಜರಿನಲ್ಲಿ ಕೂಡಿಡಿ. ಫ್ರೀಜರ್ ಬೇರೆಯೇ ಇರಲಿ, ಅಡುಗೆಮನೆಯದಲ್ಲ. ನೋವಿಲ್ಲದಂತೆ ಕೊಲ್ಲುವ ಕ್ರಮವನ್ನು ವೈದ್ಯರಿಂದಲೇ ಕಲಿಯಬೇಕು. ಜೀವಂತ ಇಲಿ ಬಿಟ್ಟರೆ ಅದು ಹಾವನ್ನೇ ಕಡಿದು ಕಣ್ಣು ತೆಗೆಯಬಲ್ಲದು. ಹೆಪ್ಪುಗಟ್ಟಿದ ಇಲಿಯನ್ನು ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿ, ಕೊಡುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿಡಿ. ತಲೆಯ ಭಾಗ 38 ಡಿಗ್ರಿ ಮುಟ್ಟಿದಾಗ ಉದ್ದ ಚಿಮಟದಲ್ಲಿ ಹಿಡಿದು ತೋರಿಸಿ. ಹಾವು ತುಟಿಯ ಕುಳಿಗಳಿಂದ ಬಿಸಿಯನ್ನು ಗುರುತಿಸುತ್ತದೆ, ತಣ್ಣಗಿನ ಇಲಿಯನ್ನು ಮೂಸಿಯೂ ನೋಡದೇ ಇರಬಹುದು.

ಪ್ರಮಾಣ ಹೀಗೆ. 200 ಗ್ರಾಂವರೆಗೆ ಮೈತೂಕದ ಶೇ. 10ರಿಂದ 15ರಷ್ಟು, ಆರೇಳು ದಿನಕ್ಕೊಮ್ಮೆ. 200ರಿಂದ 500ರವರೆಗೆ ಶೇ. 10, ವಾರದಿಂದ ಹತ್ತು ದಿನಕ್ಕೊಮ್ಮೆ. 500 ದಾಟಿದ ಮೇಲೆ ಶೇ. 7, ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ. ಸಾವಿರದ ಮೇಲೆ ಶೇ. 5, ಎರಡು ವಾರಕ್ಕೊಮ್ಮೆ. ತಿಂದ ಮೇಲೆ 48 ಗಂಟೆ ಮುಟ್ಟಬಾರದು. ಕಕ್ಕಿದರೆ ಎರಡು ವಾರ ಏನೂ ಕೊಡದೆ, ನಂತರ ಅರ್ಧ ಗಾತ್ರದ ಇಲಿಯಿಂದ ಶುರು ಮಾಡಬೇಕು.

ತೂಕಕ್ಕೆ ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿ ಸಾಕು. ಈ ಹಾವು ವಾರಗಟ್ಟಲೆ ಮಲ ತಡೆದಿಟ್ಟುಕೊಳ್ಳುವುದರಿಂದ ತೂಕ ಸುಮ್ಮನೆ ಏರಿದಂತೆ ಕಾಣುತ್ತದೆ. ಅದಕ್ಕೆ ಮಲ ಹಾಕಿದ ಮರುದಿನದ ತೂಕಗಳನ್ನಷ್ಟೇ ಒಂದಕ್ಕೊಂದು ಹೋಲಿಸಿ ನೋಡುತ್ತೇನೆ. ಮೊದಲ ವರ್ಷದ ಕೊನೆಗೆ 400ರಿಂದ 700, ಎರಡನೆಯದಕ್ಕೆ 900ರಿಂದ 1200 ಬಂದರೆ ಸರಿಯಾದ ದಾರಿ.

700ರಿಂದ ಸಾವಿರ ಗ್ರಾಂ ನಡುವೆ ಅನೇಕ ಹೆಣ್ಣುಗಳು ತಿಂಗಳುಗಟ್ಟಲೆ ಊಟ ಬಿಡುತ್ತವೆ. ಹೆಚ್ಚಿನವರು ಹೆದರುವುದು ಇಲ್ಲಿಯೇ. ಸುಂಡಿಲಿ, ಕೋಳಿಮರಿ ಎಂದು ರುಚಿ ಬದಲಿಸುತ್ತಾರೆ, ದಿನಾ ಎತ್ತಿ ನೋಡುತ್ತಾರೆ. ಎರಡೂ ಬೇಡ. ಸುಂಡಿಲಿಗೆ ಒಗ್ಗಿದ ಹಾವನ್ನು ಮತ್ತೆ ಇಲಿಗೆ ತರುವುದು ಬಹಳ ಕಷ್ಟ. ಹದಿನೈದು ದಿನಕ್ಕೊಮ್ಮೆ ಸಂಜೆ ಒಂದು ಇಲಿ ತೋರಿಸಿ, ಬೇಡವೆಂದರೆ ತೆಗೆಯಿರಿ. ಇಳಿದ ತೂಕ ಶೇ. 10ರ ಒಳಗಿದ್ದರೆ ಕಾಯಬಹುದು. ಅದಕ್ಕಿಂತ ಹೆಚ್ಚಾದರೆ ಬಿಸಿ ಅಳೆಯಿರಿ, ಬಾಯೊಳಗೆ ನೋಡಿ, ನೀರಿನ ಬಟ್ಟಲಿನ ತಳದಲ್ಲಿ ಕರಿಚುಕ್ಕೆಯಂಥ ನುಸಿ ಇದೆಯೇ ಪರೀಕ್ಷಿಸಿ. ಹಾವಿನ ಕೋಣೆಯಲ್ಲಿ ಸೊಳ್ಳೆಬತ್ತಿ, ನುಸಿಗುಳಿಗೆ, ಇರುವೆ ಚಾಕ್‌ಪೀಸ್ ಯಾವುದೂ ಬೇಡ, ಅವುಗಳ ವಿಷ ಹಾವಿಗೂ ತಾಗುತ್ತದೆ. ಇರುವೆಗೆ ಗೂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದರಾಯಿತು.

ಪೊರೆ ಬಿಡುವ ಸಮಯದಲ್ಲಿ ಕಣ್ಣು ಮಂಜಾಗಿ, ಮತ್ತೆ ತಿಳಿಯಾಗಿ, ಮೂರು-ನಾಲ್ಕು ದಿನಕ್ಕೆ ಪೊರೆ ಕಳಚುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ನೀರಿನಲ್ಲಿ ನೆನೆಸಿ ಹಿಂಡಿದ ತೆಂಗಿನ ನಾರು ತುಂಬಿದ ಒಂದು ಡಬ್ಬ ಒಳಗಿಡಿ. ಕಣ್ಣ ಮೇಲೆ ಪೊರೆ ಉಳಿದರೆ ಚಿಮಟ ಹಾಕಿ ಕೀಳಬೇಡಿ, ಮುಂದಿನ ಪೊರೆಯ ಜೊತೆ ಹೋಗುತ್ತದೆ.

1500 ಗ್ರಾಂ ಮತ್ತು ಮೂರನೇ ವರ್ಷ, ಇವೆರಡೂ ಕೂಡಿಬಂದಾಗಲಷ್ಟೇ ಗಂಡಿನ ಜೊತೆ ಬಿಡುತ್ತೇನೆ. ತೂಕ ಒಂದನ್ನೇ ನೋಡಿದರೆ ಕೊಬ್ಬಿದ ಹೆಣ್ಣೂ ಒಂದೂವರೆ ವರ್ಷಕ್ಕೆ ಅಷ್ಟು ತೂಗುತ್ತದೆ. ಮೈಯನ್ನು ಅಡ್ಡಕ್ಕೆ ನೋಡಿದರೆ ಮೇಲೆ ಬೆನ್ನೆಲುಬು ತುಸು ಎದ್ದ ತ್ರಿಕೋನದಂತಿರಬೇಕು. ಪೂರ್ತಿ ದುಂಡಗಾಗಿ, ಬಾಗಿದಾಗ ಹುರುಪೆಗಳ ನಡುವೆ ಚರ್ಮ ಕಂಡು, ಬಾಲದ ಬುಡದಲ್ಲಿ ಎರಡು ಉಬ್ಬು ಎದ್ದರೆ ಅದು ಕೊಬ್ಬು. ಅಂಥ ಹೆಣ್ಣಿಗೆ ಮೊಟ್ಟೆ ಸಿಕ್ಕಿಹಾಕಿಕೊಳ್ಳುವ ಅಪಾಯ ಹೆಚ್ಚು. ಹೊಸ ಗಂಡನ್ನು ತಂದರೆ ಮೂರು ತಿಂಗಳು ಬೇರೆ ಕೋಣೆಯಲ್ಲಿಟ್ಟು, ಮಲಪರೀಕ್ಷೆ ಮಾಡಿಸಿ, ನವೆಂಬರ್ ನಂತರ ಜೊತೆಗೆ ಬಿಡಿ. ಮೊಟ್ಟೆ ಇಟ್ಟಾಗ ಹೆಣ್ಣಿನ ತೂಕದಲ್ಲಿ ಮೂರನೇ ಒಂದರಷ್ಟು ಇಳಿಯುವುದು ಸಾಮಾನ್ಯ. ಮೂರನೇ ವರ್ಷದ ನವೆಂಬರ್‌ನಲ್ಲಿ 1350 ಗ್ರಾಂ ಇದ್ದರೆ ಮುಂದಿನ ನವೆಂಬರ್‌ವರೆಗೆ ಅದೇ ಎರಡು ವಾರದ ಊಟದಲ್ಲೇ ನಡೆಸುತ್ತೇನೆ.