ಖಾಲಿ ಚೀಲ ಹೇಳಿದ ಲೆಕ್ಕ

ನಾನು ದಾವಣಗೆರೆ ಕಡೆಯವಳು. ಬೆಂಗಳೂರಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಮಾಮೂಲಿ ಆಡಿಟ್ ಬಿಟ್ಟು ಫೊರೆನ್ಸಿಕ್ ಕೆಲಸಕ್ಕೆ ಬಂದು ಬಹಳ ವರ್ಷವಾಯಿತು. ಮದುವೆ ಮನೆಯಲ್ಲಿ ಯಾರಾದರೂ ನನ್ನ ಕೆಲಸ ಏನು ಅಂತ ಕೇಳಿದರೆ ನಮ್ಮತ್ತೆಯೇ ಮುಂದೆ ಬಂದು, "ಲೆಕ್ಕದಾಗ ಕಳ್ಳರನ್ನ ಹಿಡೀತಾಳ" ಅಂದುಬಿಡುತ್ತಾರೆ. ಕೇಳಿದವರು ಆಮೇಲೆ ನನ್ನ ಜೊತೆ ಸ್ವಲ್ಪ ಎಚ್ಚರದಿಂದ ಮಾತಾಡುತ್ತಾರೆ!

ನಿಜ ಏನೆಂದರೆ, ಯಾರನ್ನೂ ಕಳ್ಳ ಅನ್ನುವ ಅಧಿಕಾರ ನನಗಿಲ್ಲ. ಅದು ಕೋರ್ಟಿನ ಕೆಲಸ. ದುಡ್ಡು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ಅದಕ್ಕೆ ಕಾಗದ ಏನಿದೆ, ಇಷ್ಟು ಬರೆಯುವುದು ನನ್ನ ಕೆಲಸ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯಾದ ನಮ್ಮ ಐಸಿಎಐ ಈ ಕೆಲಸಕ್ಕೇ ಬೇರೆ ಮಾನದಂಡ ಮಾಡಿದೆ. 2023ರ ಜುಲೈ 1ರಿಂದ ಅದು ಕಡ್ಡಾಯ.

ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಒಂದು ಟ್ರಸ್ಟು, ಅದರದ್ದೊಂದು ಉಚಿತ ಹಾಸ್ಟೆಲ್ಲು, ಮಕ್ಕಳಿಗೆ ಎರಡು ಹೊತ್ತು ಊಟ. ಅಕ್ಕಿ ಖರ್ಚು ಯಾಕೋ ಜಾಸ್ತಿ ಬರುತ್ತಿದೆ, ನೋಡಿಕೊಡಿ ಅಂತ ಕರೆದರು. ಹೋದ ದಿನವೇ ಮೂರು ಜನ ಬೇರೆ ಬೇರೆಯಾಗಿ ಬಂದು ಒಂದೇ ಹೆಸರು ಹೇಳಿದರು. ಅಲ್ಲಿ ಹಳೇ ಗುಮಾಸ್ತರೊಬ್ಬರಿದ್ದರು, ಅವರ ಹೆಸರು. ಎಲ್ಲರೂ ಇಷ್ಟು ಬೇಗ ಒಬ್ಬರ ಕಡೆಗೇ ಬೆರಳು ತೋರಿಸಿದರೆ ನಾನು ಇನ್ನೂ ನಿಧಾನ ಮಾಡುತ್ತೇನೆ.

ಮೊದಲು ಬಿಲ್ಲು. ಅಕ್ಕಿ ಕೊಡುವ ಅಂಗಡಿಯ ಬಿಲ್ ನಂಬರುಗಳು ಒಂದರ ಹಿಂದೆ ಒಂದು ಬಂದಿದ್ದವು. ಜೂನ್‌ದು ಹದಿನಾಲ್ಕು, ಜುಲೈದು ಹದಿನೈದು, ಆಗಸ್ಟ್‌ದು ಹದಿನಾರು. ಅಂದರೆ ಆ ಅಂಗಡಿಗೆ ಇಡೀ ಊರಲ್ಲಿ ಈ ಹಾಸ್ಟೆಲ್ ಒಂದೇ ಗಿರಾಕಿ! ಆಗಬಾರದು ಅಂತೇನಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ.

ಆಮೇಲೆ ಕಣ್ಣಿಗೆ ಬಿದ್ದದ್ದು 2021ರ ಒಂದು ಬಿಲ್ಲು. ಅದರಲ್ಲಿ "26 ಕೆಜಿ ಚೀಲ" ಅಂತ ಬರೆದಿತ್ತು. ಮನೆಗೆ ಅಕ್ಕಿ ತರುವವರಿಗೆ ಇದು ತಕ್ಷಣ ಹೊಳೆಯುತ್ತದೆ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ ಶೇಕಡಾ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ವ್ಯಾಪಾರಿಗಳು ಸುಮ್ನೆ ಇರ್ತಾರಾ? 26 ಕೆಜಿ ಚೀಲ ಮಾಡಿದರು. ನಮ್ಮ ಮನೆಗೆ ಮೊದಲ ಸಲ ಅದು ಬಂದಾಗ ನಮ್ಮತ್ತೆ, "ಇದೇನಪ್ಪ, ಒಂದು ಕೆಜಿ ಜಾಸ್ತಿ ಯಾಕೆ?" ಅಂತ ಅಂಗಡಿ ಹುಡುಗನನ್ನು ನಿಲ್ಲಿಸಿಕೊಂಡು ಕೇಳಿದ್ದರು. ಹೊಸ ತೆರಿಗೆಗೆ ಹುಟ್ಟಿದ ಚೀಲ, ತೆರಿಗೆಗಿಂತ ಒಂದು ವರ್ಷ ಮುಂಚಿನ ಬಿಲ್ಲಿನಲ್ಲಿ ಹೇಗೆ ಬಂತು? ಬಿಲ್ಲು ಬರೆದದ್ದು ಆಮೇಲೆ, ತಾರೀಖು ಹಾಕಿದ್ದು ಹಿಂದಿನದು ಅನ್ನುವ ಅನುಮಾನ ಬಲವಾಯಿತು. ಯಾವ ಸಾಫ್ಟ್‌ವೇರೂ ನನಗೆ ಇದನ್ನು ಹೇಳುತ್ತಿರಲಿಲ್ಲ.

ಅನುಮಾನ ಸಾಕ್ಷಿ ಅಲ್ಲ. ಗುಮಾಸ್ತರನ್ನು ಕರೆದು ಕೂರಿಸಿ, "ಯಜಮಾನ್ರೇ, ಅಕ್ಕಿ ತೀರಿದ ಮೇಲೆ ಚೀಲ ಏನ್ ಮಾಡ್ತೀರಿ?" ಅಂತ ಕೇಳಿದೆ.

"ಮಾರ್ತೀವಿ ತಾಯಿ. ಬರಕೊಂಡೀನಿ."

ಬೀರುವಿನಿಂದ ಒಂದು ಉದ್ದನೆಯ ನೋಟ್‌ಬುಕ್ ತಂದರು. ಖಾಲಿ ಚೀಲ ಎಷ್ಟು, ಯಾರಿಗೆ, ಎಷ್ಟಕ್ಕೆ ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಅದರಿಂದ ಬಂದ ಚಿಲ್ಲರೆ ಹಣವೂ ಟ್ರಸ್ಟಿನ ರೋಕಡಿಗೆ ಜಮಾ ಆಗಿತ್ತು. ಇದನ್ನು ಯಾವ ಆಡಿಟರೂ ಕೇಳಿರಲಿಲ್ಲವಂತೆ. ಬಿಲ್ಲಿನ ಚೀಲಕ್ಕೂ ಮಾರಿದ ಚೀಲಕ್ಕೂ ತಿಂಗಳವಾರು ತಾಳೆ ನೋಡಿದೆ. ಬಿಲ್ಲಿನಲ್ಲಿ ನಾಲ್ಕಾದರೆ ಮಾರಿದ್ದು ಮೂರು. ಹೆಚ್ಚುಕಡಿಮೆ ಎಲ್ಲಾ ತಿಂಗಳೂ ಹಾಗೇ. ಗ್ಯಾಸ್ ಸಿಲಿಂಡರಿನ ಲೆಕ್ಕವೂ, ಮಕ್ಕಳ ಹಾಜರಿಯೂ ಆ ಮೂರರ ಪರವಾಗಿಯೇ ಇದ್ದವು. ಬಿಲ್ಲು ತರುತ್ತಿದ್ದದ್ದು, ಪಾಸು ಮಾಡುತ್ತಿದ್ದದ್ದು ಗುಮಾಸ್ತರಲ್ಲ, ಖರೀದಿ ನೋಡಿಕೊಳ್ಳುತ್ತಿದ್ದ ಇನ್ನೊಬ್ಬರು.

ಅಷ್ಟರಲ್ಲಿ ಊರಿಂದ ನೆಂಟರೊಬ್ಬರ ಫೋನ್ ಬಂತು. "ನಮ್ಮವರೇ ಕಣವ್ವ. ದೇವರ ಕೆಲಸ ಮಾಡೋ ಸಂಸ್ಥೆ. ಜಾಸ್ತಿ ಎಳೀಬ್ಯಾಡ." ನಾನು ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡದೆ ಫೋನ್ ಮುಟ್ಟುವವಳಲ್ಲ. ನಮ್ಮಲ್ಲಿ ಕಾಯಕಕ್ಕೆ, ದಾಸೋಹಕ್ಕೆ ಇರುವ ಬೆಲೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ದೇವರ ಕೆಲಸ ಅಂತಲೇ ಜಾಸ್ತಿ ಎಳೆಯಬೇಕು ಅನ್ನುವುದು ನನ್ನ ಮಾತು. ಆದರೂ ಫೋನಲ್ಲಿ ಏನೂ ಹೇಳಲಿಲ್ಲ. "ಮಾವ, ಕೆಲಸದ ವಿಷಯ ಮಾತಾಡಂಗಿಲ್ಲ, ಅತ್ತಿ ಮಂಡಿನೋವು ಹೆಂಗೈತಿ?" ಅಂದೆ. ಮನೆಯಲ್ಲೂ ಇದೇ ನಿಯಮ. ಯಾವ ಸಂಸ್ಥೆ, ಯಾರ ಲೆಕ್ಕ ಅಂತ ಯಜಮಾನರಿಗೂ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ.

ಖರೀದಿಯವರನ್ನೂ ಕೂರಿಸಿ ಮಾತಾಡಿಸಿದೆ. ಎಲ್ಲಾ ಕಾಗದ ಮುಂದಿಟ್ಟು, ನೋಡಲು ಸಮಯ ಕೊಟ್ಟೆ, ಉತ್ತರ ಬರವಣಿಗೆಯಲ್ಲಿ ತೆಗೆದುಕೊಂಡೆ. ಕೆಲವು ಸಹೋದ್ಯೋಗಿಗಳಿಗೆ ಇದು ಸುಮ್ನೆ ಕಾಲಹರಣ ಅನ್ನಿಸುತ್ತದೆ. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಸಾಲಗಾರನ ಮಾತು ಕೇಳದೆ ಬ್ಯಾಂಕು ಅವನ ಖಾತೆಯನ್ನು ವಂಚನೆ ಅಂತ ಘೋಷಿಸುವ ಹಾಗಿಲ್ಲ ಎಂದಿತು. 2024ರಲ್ಲಿ ರಿಸರ್ವ್ ಬ್ಯಾಂಕು ಉತ್ತರಕ್ಕೆ ಕನಿಷ್ಠ 21 ದಿನ ಕೊಡಿ ಎಂದಿತು. ಅದು ಬ್ಯಾಂಕಿಗೆ ಹೇಳಿದ್ದು, ನನ್ನ ಹಾಸ್ಟೆಲ್ಲಿಗಲ್ಲ. ಆದರೆ ಎದುರಿಗೆ ಕೂತವರಿಗೂ ಮನೆ, ಮಕ್ಕಳು ಇರುತ್ತಾರಲ್ವಾ? ಸುಳ್ಳು ಬಿಲ್ಲು ಸಿಕ್ಕಾಗ ಒಳಗೊಳಗೇ ಒಂದು ಖುಷಿ ಏಳುತ್ತದೆ, ಬೇಟೆಯ ಖುಷಿ. ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಹಿಡಿದು ಕೂತಾಗ ಅದನ್ನೇ ಇಳಿಸಲು ನೋಡುತ್ತೇನೆ. ಕೂತಲ್ಲೂ ಬಿಲ್ ನಂಬರು ನೆನಪಾಗುವುದುಂಟು, ಸುಳ್ಳು ಹೇಳಲ್ಲ.

ಕುಟುಂಬಕ್ಕೆ ಈ ಕೆಲಸದಿಂದ ಆಗುವ ದೊಡ್ಡ ತೊಂದರೆ ಭಾನುವಾರ. ಕಚೇರಿ ಖಾಲಿ ಇರುವಾಗಲೇ ಕಂಪ್ಯೂಟರಿನ ಪೂರ್ತಿ ನಕಲು ತೆಗೆಯಬೇಕು. ನಮ್ಮ ಜೊತೆಯ ತಂತ್ರಜ್ಞ ನಕಲು ತೆಗೆದು ಹ್ಯಾಶ್ ಹಾಕುತ್ತಾನೆ. ಅದೊಂದು ಉದ್ದನೆಯ ಸಂಖ್ಯೆ. ಫೈಲಿನಲ್ಲಿ ಒಂದು ಕಾಮಾ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೆ, ಕಂಪ್ಯೂಟರಿನ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಬೇಕಾದ 63ನೇ ಕಲಮಿನ ಸರ್ಟಿಫಿಕೇಟಿನಲ್ಲೇ ಈ ಹ್ಯಾಶ್ ಬರೆಯಬೇಕು. ಹಾಗಾಗಿ ಆ ಹೊತ್ತಿನಲ್ಲಿ ಎದ್ದು ಬರುವಂತಿಲ್ಲ. ಮಗಳ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ: ಭಾನುವಾರ ಹೋದರೆ ಸೋಮವಾರ ಸಂಜೆ ಅವಳದು. ಶ್ರಾವಣ ಸೋಮವಾರ ಮಾತ್ರ ಅತ್ತೆಯದು. ಅಲ್ಲಿ ಮಗಳ ಆಟ ನಡೆಯುವುದಿಲ್ಲ.

ಹಾಸ್ಟೆಲ್ಲಿನ ವರದಿಯಲ್ಲಿ ಯಾರನ್ನೂ ಕಳ್ಳ ಅಂತ ಬರೆಯಲಿಲ್ಲ. ಬಿಲ್ಲು, ಚೀಲ, ಗ್ಯಾಸು, ಹಾಜರಿ, ಇಬ್ಬರ ಉತ್ತರ, ಅಷ್ಟೇ. ಗುಮಾಸ್ತರ ನೋಟ್‌ಬುಕ್ಕಿನ ಜೆರಾಕ್ಸ್ ಅನುಬಂಧದಲ್ಲಿ ಹಾಕಿದೆ. ಟ್ರಸ್ಟಿನವರು ಮುಂದೇನು ಮಾಡಿದರು ಅನ್ನುವುದು ಅವರ ವಿಷಯ, ನಾನು ಹೇಳುವಂತಿಲ್ಲ. ಒಂದು ಸಲಹೆ ಮಾತ್ರ ಅಲ್ಲೇ ಒಪ್ಪಿಕೊಂಡರು: ಅಕ್ಕಿ ಬಂದಾಗ ತೂಕ ನೋಡಿ ಸಹಿ ಹಾಕುವವರು ಒಬ್ಬರು, ಬಿಲ್ ಪಾಸು ಮಾಡುವವರು ಇನ್ನೊಬ್ಬರು. ಖಾಲಿ ಚೀಲದ ಪುಸ್ತಕ ಗುಮಾಸ್ತರ ಹತ್ತಿರವೇ ಇರಲಿ ಅಂತ ಬರೆದೆ.