ಡರ್ಹಮ್ ನೋಡೋಕೆ ಹೋಗ್ತಿದ್ದೀರಾ? ಒಂದು ರಾತ್ರಿ ಅಲ್ಲೇ ಉಳಿಯಿರಿ

ಉತ್ತರ ಇಂಗ್ಲೆಂಡಿನ ಈ ಊರಿಗೆ ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಮೂರು ಗಂಟೆ ದಾರಿ. ಬಲಗಡೆ ಕಿಟಕಿ ಸೀಟು ಹಿಡಿಯಿರಿ. ಸ್ಟೇಷನ್ ಹತ್ತಿರ ಎತ್ತರದ ಸೇತುವೆ ಮೇಲಿಂದ ಕೆಥೀಡ್ರಲ್ಲೂ (ಊರಿನ ದೊಡ್ಡ ಚರ್ಚು) ಕೋಟೆಯೂ ಒಟ್ಟಿಗೆ ಕಾಣುತ್ತವೆ.

ಹೋಟೆಲ್ ಹುಡುಕುವ ಮುಂಚೆ ಅಲ್ಲಿನ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ರೂಮು ವಿಚಾರಿಸಿ. ಬೇಸಿಗೆ ರಜೆಗೆ ವಿದ್ಯಾರ್ಥಿಗಳು ಊರಿಗೆ ಹೋದಾಗ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಕೋಟೆಯೂ ಒಂದು ಕಾಲೇಜೇ, ಅದರೊಳಗೇ ಮಲಗಬಹುದು! ಬೇಗ ಬುಕ್ ಮಾಡಿ.

ಕೆಥೀಡ್ರಲ್ ಕಟ್ಟಲು ಶುರುಮಾಡಿದ್ದು 1093ರಲ್ಲಿ. ಒಳಗಿನ ದಪ್ಪ ಕಂಬಗಳ ಮೇಲೆ ಅಂಕುಡೊಂಕು ಗೆರೆಗಳ ಕೆತ್ತನೆ ಇದೆ, ಹತ್ತಿರ ನಿಂತು ನೋಡಿ. ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಯಾರು ಬೇಕಾದರೂ ಕೂರಬಹುದು, ದುಡ್ಡು ಕೊಡಬೇಕಿಲ್ಲ. ಅದನ್ನು ಮಾತ್ರ ಬಿಡಬೇಡಿ.

ದಾರಿಯೆಲ್ಲ ಏರು, ಕಲ್ಲುಹಾಸು ಬೇರೆ. ಚಕ್ರದ ಸೂಟ್‌ಕೇಸಿಗಿಂತ ಬೆನ್ನಿಗೆ ಹಾಕುವ ಬ್ಯಾಗೇ ವಾಸಿ.