ಕಡಲಿನ ಮುನ್ಸೂಚನೆ ಓದುವುದು ಹೇಗೆ? ತಹಿತಿಯ ಹವಳದ ದಿಬ್ಬದಿಂದ ಕುಡ್ಲೆ ದಂಡೆಯವರೆಗೆ

2024ರ ಜುಲೈ ಕೊನೆಯಲ್ಲಿ ಬಂದ ಒಂದು ಛಾಯಾಚಿತ್ರ ಹಲವರಿಗೆ ನೆನಪಿರಬಹುದು. ಬ್ರೆಜಿಲ್‌ನ ಸರ್ಫರ್ ಗೇಬ್ರಿಯಲ್ ಮೆದಿನಾ ಅಲೆಯಿಂದ ಮೇಲಕ್ಕೆ ಚಿಮ್ಮಿ, ಬೆರಳೆತ್ತಿ ಗಾಳಿಯಲ್ಲಿ ನಿಂತಂತಿದ್ದರು. ಪಕ್ಕದಲ್ಲಿ ಅವರ ಹಲಗೆಯೂ ನೆಟ್ಟಗೆ ನಿಂತಿತ್ತು. ಅದು ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಪರ್ಧೆ. ನಡೆದದ್ದು ಮಾತ್ರ ಪ್ಯಾರಿಸ್‌ನಿಂದ ಸುಮಾರು 15,700 ಕಿ.ಮೀ. ದೂರದ ತಹಿತಿ ದ್ವೀಪದ ಟೆಆಹುಪೊದಲ್ಲಿ. ಚಿತ್ರವನ್ನು ಲೋಕವೆಲ್ಲ ನೋಡಿತು. ಅದರ ಬೆನ್ನಿಗೇ ಗಾಳಿ ಮತ್ತು ಅಲೆ ಸರಿಯಿಲ್ಲವೆಂದು ಸ್ಪರ್ಧೆಯನ್ನು ಮುಂದೂಡಿ, ಜಗತ್ತಿನ ಶ್ರೇಷ್ಠ ಸರ್ಫರ್‌ಗಳು ದಂಡೆಯಲ್ಲಿ ಕುಳಿತು ಕಾದದ್ದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ನಮ್ಮ ಕರಾವಳಿಯಲ್ಲಿ ಕಾಯುವ ರೂಢಿ ಮೀನುಗಾರರಿಗೆ ಮಾತ್ರ ಇದೆ. ಪ್ರವಾಸಿ ಬಸ್ಸಿನಿಂದ ಇಳಿದವನೇ ಪ್ಯಾಂಟು ಮಡಚಿ ನೀರಿಗೆ ನಡೆಯುತ್ತಾನೆ. ಗೋಕರ್ಣದ ಕಡೆ ಹಲಗೆ ಹಿಡಿದು ಸರ್ಫಿಂಗ್ ಕಲಿಯಲು ಹೊರಟವರೂ ಮೊಬೈಲ್‌ನಲ್ಲಿ ‘ಅಲೆ: 1 ಮೀಟರ್’ ಎಂದು ನೋಡಿ ಸಮಾಧಾನಪಡುತ್ತಾರೆ. ಆ ಒಂದು ಮೀಟರ್ ಅಳೆದದ್ದು ಆಳದ ಕಡಲಿನ ಅಲೆಯನ್ನು. ಅದು ನಿಮ್ಮ ಮೊಣಕಾಲಿನ ಬಳಿ ಬಂದಾಗ ಏನಾಗಿರುತ್ತದೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ದಂಡೆಯ ತಳ. ಆದ್ದರಿಂದ ಮುನ್ಸೂಚನೆಯ ಪಾಠ ಮೊಬೈಲ್‌ನಿಂದ ಶುರುವಾಗುವುದಿಲ್ಲ.

ಮೊದಲು ತಳ

ಟೆಆಹುಪೊ ಇಷ್ಟು ಭಯಂಕರವಾಗಲು ಕಾರಣ ಅಲ್ಲಿನ ತಳ. ದಕ್ಷಿಣ ಸಾಗರದ ಬಿರುಗಾಳಿಗಳಲ್ಲಿ ಹುಟ್ಟಿದ ಅಲೆಗಳು ನೈರುತ್ಯದಿಂದ ಬರುತ್ತವೆ. ದಾರಿಯಲ್ಲಿ ಅವನ್ನು ನಿಧಾನಗೊಳಿಸುವ ಇಳಿಜಾರು ಇಲ್ಲ. ಆಳದ ನೀರಿನಿಂದ ನೇರವಾಗಿ ಹವಳದ ದಿಬ್ಬದ ಗೋಡೆಗೆ ಬಂದು ಎಡವುತ್ತವೆ. ದಿಬ್ಬದ ಮೇಲೆ ಕೆಲವೆಡೆ ಇರುವುದು ಆಳೆತ್ತರಕ್ಕಿಂತ ಕಡಿಮೆ ನೀರು. ಸಾಮಾನ್ಯವಾಗಿ ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ. ಒಂದು ಮೀಟರ್ ಅಲೆಗೆ ಎದೆಮಟ್ಟದ ನೀರು ಎಂದಿಟ್ಟುಕೊಳ್ಳಿ. ತಳ ನಿಧಾನವಾಗಿ ಏರಿದರೆ ಅಲೆ ಮೆಲ್ಲಗೆ ನೊರೆಯಾಗಿ ಜಾರುತ್ತದೆ. ತಟ್ಟನೆ ಏರಿದರೆ ತುದಿ ಮುಂದಕ್ಕೆ ಬಾಗಿ ಕೊಳವೆಯಾಗಿ ಬೀಳುತ್ತದೆ. ಟೆಆಹುಪೊದಲ್ಲಿ ಆಗುವುದು ಎರಡನೆಯದು, ಮತ್ತು ಬಿದ್ದವನ ಕೆಳಗಿರುವುದು ಹರಿತವಾದ ಹವಳ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಕರಾವಳಿಯ ಮುಂದೆ ಹತ್ತಾರು ಕಿಲೋಮೀಟರ್ ಅಗಲದ ಆಳವಿಲ್ಲದ ಕಡಲಿದೆ. ದೂರದಿಂದ ಬಂದ ಅಲೆ ಆ ತಳವನ್ನು ಉಜ್ಜುತ್ತ, ಬಾಗುತ್ತ, ಶಕ್ತಿ ಕಳೆದುಕೊಳ್ಳುತ್ತ ಬರುತ್ತದೆ. ಹವಳ ಬೇಕಿದ್ದರೆ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಹೋಗಬೇಕು. ಅದು ಮುಳುಗಿ ನೋಡುವ ಜಾಗ, ಸರ್ಫಿಂಗ್‌ನದಲ್ಲ. ಹಾಗೆಂದು ದಂಡೆಗಳೆಲ್ಲ ಒಂದೇ ಎಂದುಕೊಳ್ಳಬೇಡಿ. ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ದಕ್ಷಿಣದಲ್ಲಿ ಬೈತಖೋಲದ ಗುಡ್ಡ ಅಡ್ಡವಿದೆ, ಎದುರಿಗೆ ದ್ವೀಪಗಳಿವೆ. ಚಂಡಮಾರುತದ ಸುದ್ದಿ ಬಂದಾಗ ಬೇರೆ ರಾಜ್ಯಗಳ ದೋಣಿಗಳೂ ಕಾರವಾರ ಬಂದರಿಗೆ ಬಂದು ಲಂಗರು ಹಾಕುವುದು ಇದೇ ಮರೆಯ ನಂಬಿಕೆಯಿಂದ. ಗೋಕರ್ಣದ ಕುಡ್ಲೆ ಪಶ್ಚಿಮಕ್ಕೆ ಬಾಯಿ ತೆರೆದ ಮರಳಿನ ಕೊಲ್ಲಿ, ಎರಡೂ ಬದಿಗೆ ಬಂಡೆ. ಓಂ ಕಡಲತೀರದ ನಡುವೆಯೇ ಬಂಡೆಗಳು ಚಾಚಿಕೊಂಡಿವೆ. ಅಲ್ಲಿ ಅಲೆ ಸಣ್ಣದಿದ್ದರೂ ತಳ ತಹಿತಿಯ ಜಾತಿಯದ್ದೇ: ಬಿದ್ದರೆ ಕಲ್ಲಿನ ಮೇಲೆ.

ಮಾಡಬೇಕಾದದ್ದು ಇಷ್ಟು. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಪೂರ್ತಿ ಇಳಿದ ಹೊತ್ತಿಗೆ ನಿಮ್ಮ ದಂಡೆಗೆ ಒಮ್ಮೆ ಹೋಗಿ. ಬಂಡೆ ಎಲ್ಲಿ, ಮರಳಿನ ದಿಬ್ಬ ಎಲ್ಲಿ, ಅವುಗಳ ನಡುವೆ ಕಾಲುವೆಯಂಥ ತಗ್ಗು ಎಲ್ಲಿ ಎಂದು ನೋಡಿಕೊಳ್ಳಿ. ಮಳೆಗಾಲ ಕಳೆದ ಮೇಲೆ ಇದನ್ನು ಮತ್ತೆ ನೋಡಲೇಬೇಕು. ಬಂಡೆ ಕದಲುವುದಿಲ್ಲ, ಮರಳು ಪ್ರತಿವರ್ಷ ಜಾಗ ಬದಲಿಸುತ್ತದೆ.

ಎತ್ತರದ ಪಕ್ಕದಲ್ಲಿರುವ ಅಂಕಿ

ಈಗ ಮೊಬೈಲ್ ತೆಗೆಯಿರಿ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ತನ್ನ ಜಾಲತಾಣದಲ್ಲಿ ಕಡಲಿನ ಸ್ಥಿತಿಯ ಮುನ್ಸೂಚನೆ ಕೊಡುತ್ತದೆ. ಎಚ್ಚರಿಕೆ ಇದ್ದಾಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ಭಾಗವನ್ನು ‘ಮಾಜಾಳಿಯಿಂದ ಭಟ್ಕಳದವರೆಗೆ’ ಎಂದು ಹೇಳುತ್ತದೆ. ವಿಂಡಿಯಂಥ ಆ್ಯಪ್‌ಗಳೂ ಸಾಕು. ಎಲ್ಲದರಲ್ಲೂ ಅಲೆಯ ಎತ್ತರದ ಪಕ್ಕದಲ್ಲಿ ಸೆಕೆಂಡುಗಳಲ್ಲಿ ಇನ್ನೊಂದು ಅಂಕಿ ಇರುತ್ತದೆ. ಅದು ಅಲೆಯ ಅವಧಿ: ಒಂದು ಅಲೆಯ ನೆತ್ತಿಗೂ ಮುಂದಿನದರ ನೆತ್ತಿಗೂ ನಡುವಿನ ಸಮಯ. ಒಂದೇ ಅಂಕಿ ನೋಡಲು ಪುರುಸೊತ್ತಿದ್ದರೆ ಇದನ್ನೇ ನೋಡಿ ಎಂದು ನಾನು ಹೇಳುತ್ತೇನೆ.

ಐದಾರು ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು. ಆಳದ ನೀರಿನಲ್ಲಿ ಅಲೆಯ ಉದ್ದ, ಅಂದರೆ ಎರಡು ನೆತ್ತಿಗಳ ನಡುವಿನ ದೂರ, ಮೀಟರ್‌ಗಳಲ್ಲಿ ತಿಳಿಯಲು ಅವಧಿಯ ವರ್ಗವನ್ನು 1.56ರಿಂದ ಗುಣಿಸಬೇಕು. ಆರು ಸೆಕೆಂಡಿಗೆ ಉದ್ದ ಸುಮಾರು 56 ಮೀಟರ್. ಹದಿನೈದು ಸೆಕೆಂಡಿಗೆ ಸುಮಾರು 350 ಮೀಟರ್. ಅಲೆ ತನ್ನ ಉದ್ದದ ಅರ್ಧದಷ್ಟು ಆಳದಲ್ಲಿ ತಳವನ್ನು ಮುಟ್ಟತೊಡಗುತ್ತದೆ. ಅಂದರೆ ಮೊದಲನೆಯದಕ್ಕೆ 28 ಮೀಟರ್ ಆಳದಲ್ಲಿ ನೆಲ ಸಿಕ್ಕಿದರೆ, ಎರಡನೆಯದಕ್ಕೆ 175 ಮೀಟರ್‌ನಲ್ಲೇ ಸಿಗುತ್ತದೆ. ಅಲೆ ಹೊತ್ತು ತರುವ ಶಕ್ತಿ ಎತ್ತರದ ವರ್ಗಕ್ಕೂ ಅವಧಿಗೂ ಅನುಗುಣವಾಗಿ ಏರುತ್ತದೆ. ಹೀಗಾಗಿ ಒಂದೇ ಮೀಟರ್ ಎತ್ತರವಿದ್ದರೂ ಹದಿನೈದು ಸೆಕೆಂಡಿನ ಅಲೆಗೆ ಆರು ಸೆಕೆಂಡಿನದರ ಎರಡೂವರೆ ಪಟ್ಟು ಬಲ. ದಂಡೆಗೆ ಬಂದಾಗ ಅದು ಎತ್ತರವೂ ಆಗುತ್ತದೆ. ಇಂಥ ಉದ್ದದ ಅಲೆಯನ್ನು ಸರ್ಫರ್‌ಗಳು ‘ಸ್ವೆಲ್’ ಎನ್ನುತ್ತಾರೆ.

ಸ್ವೆಲ್ ಎಲ್ಲಿಂದ ಬರುತ್ತದೆ? ಟೆಆಹುಪೊಗೆ ಅಲೆ ಕಳಿಸುವ ದಕ್ಷಿಣ ಗೋಳದ ಬಿರುಗಾಳಿಗಳಿಗೆ ಹಿಂದೂ ಮಹಾಸಾಗರದ ಕಡೆಯೂ ಬಂಧುಗಳಿವೆ. ನಲವತ್ತು-ಐವತ್ತು ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಎದ್ದ ಹದಿನೈದು ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 42 ಕಿ.ಮೀ. ವೇಗದಲ್ಲಿ ಸಾಗಿ ಆರೇಳು ದಿನಗಳಲ್ಲಿ ನಮ್ಮಲ್ಲಿಗೆ ಮುಟ್ಟಬಲ್ಲದು. ಕುಮಟಾದಲ್ಲಿ ಎಲೆ ಅಲುಗದ ದಿನವೂ ದೊಡ್ಡ ಅಲೆ ಬರುವುದು ಇದೇ ಕಾರಣಕ್ಕೆ. ಕೇರಳದವರು ಕಳ್ಳಕ್ಕಡಲ್ ಎನ್ನುವುದು ಇದನ್ನೇ; ಎಪ್ರಿಲ್-ಮೇ ತಿಂಗಳುಗಳಲ್ಲಿ ಹೆಚ್ಚು. 2024ರ ಮೇ ಮೊದಲ ವಾರದಲ್ಲಿ ಇನ್‌ಕಾಯ್ಸ್ ಇಂಥ ಎಚ್ಚರಿಕೆ ಕೊಟ್ಟಿತ್ತು. ಆಕಾಶ ತಿಳಿಯಾಗಿದೆ, ಗಾಳಿಯಿಲ್ಲ ಎಂಬ ಧೈರ್ಯಕ್ಕೆ ಆ ದಿನಗಳಲ್ಲಿ ಬೆಲೆಯಿಲ್ಲ.

ಎತ್ತರದ ಬಗ್ಗೆಯೂ ಒಂದು ಮಾತು. ಮುನ್ಸೂಚನೆಯ ಎತ್ತರವೆಂದರೆ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ. ಕೆಲವು ಗಂಟೆಗಳಲ್ಲಿ ಬರುವ ಅತಿ ದೊಡ್ಡ ಅಲೆ ಅದರ ಸುಮಾರು ಎರಡು ಪಟ್ಟು ಇರಬಹುದು. ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆಯುವವರನ್ನು ಒಯ್ಯುವುದು ಸರಾಸರಿ ಅಲೆಯಲ್ಲ.

ದಿಕ್ಕು

ಅಲೆ ಮತ್ತು ಗಾಳಿ ಎರಡಕ್ಕೂ ಹೇಳುವ ದಿಕ್ಕು ಬರುವ ದಿಕ್ಕು; ನೀರಿನ ಪ್ರವಾಹಕ್ಕೆ ಮಾತ್ರ ಹೋಗುವ ದಿಕ್ಕು. ದಕ್ಷಿಣ-ನೈರುತ್ಯದ ಸ್ವೆಲ್ ಕಾರವಾರದ ಕೊಲ್ಲಿಗೆ ಬಳಲಿ ಬರುತ್ತದೆ, ತೆರೆದ ದಂಡೆಗಳಿಗೆ ನೇರವಾಗಿ ನುಗ್ಗುತ್ತದೆ. ಚಳಿಗಾಲದಲ್ಲಿ ಅರೇಬಿಯಾ ಕಡೆಯ ಶಮಾಲ್ ಗಾಳಿ ಎಬ್ಬಿಸಿದ ಅಲೆಗಳು ವಾಯವ್ಯದಿಂದ ಬರುತ್ತವೆ. ಆಗ ದಕ್ಷಿಣದ ಗುಡ್ಡ ಮರೆಯಾಗುವುದಿಲ್ಲ.

ಗಾಳಿಯ ಗಡಿಯಾರ

ಮಳೆಗಾಲ ಬಿಟ್ಟರೆ ಇಲ್ಲಿನ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣಿದು, ಬೆಳಗಿನ ಜಾವ ಘಟ್ಟದ ಕಡೆಯಿಂದ ಮೂಡುಗಾಳಿ ಕಡಲಿಗೆ ಬೀಸುತ್ತದೆ. ಅಲೆಯ ಮುಖಕ್ಕೆ ಎದುರಾಗಿ ಬೀಸುವ ಈ ಗಾಳಿ ಅದನ್ನು ನೆಟ್ಟಗೆ ನಿಲ್ಲಿಸಿ ನಯಗೊಳಿಸುತ್ತದೆ. ಬಿಸಿಲೇರಿದಂತೆ ಪಡುಗಾಳಿ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಕಡಲೆಲ್ಲ ಕಲಕಿ ಬಿಡುತ್ತದೆ. ಶಿರಸಿಯಲ್ಲಿ ತಿಂಡಿ ಮುಗಿಸಿ ದೇವಿಮನೆ ಘಟ್ಟ ಇಳಿಯುವವರು ದಂಡೆ ಮುಟ್ಟುವುದು ಸರಿಯಾಗಿ ಕಡಲು ಕೆಡುವ ಹೊತ್ತಿಗೆ. ಒಳ್ಳೆಯ ಅಲೆ ಬೇಕಿದ್ದವರು ನಸುಕಿಗೇ ಹೊರಡಬೇಕು, ಇಲ್ಲವೇ ಹಿಂದಿನ ರಾತ್ರಿಯೇ ಕೆಳಗಿಳಿದು ಉಳಿಯಬೇಕು. ನೇತ್ರಾಣಿಗೆ ದೋಣಿ ಹತ್ತುವವರಿಗೂ ಇದೇ ಲೆಕ್ಕ. ವಾಂತಿಯಾಗುವುದು ಹೆಚ್ಚಾಗಿ ಮಧ್ಯಾಹ್ನದ ಮರುಪ್ರಯಾಣದಲ್ಲಿ, ಐದು ಸೆಕೆಂಡಿನ ಚಿಕ್ಕ ಅಲೆಗಳ ಕುಲುಕಾಟದಲ್ಲಿ.

ಮೂಡುಗಾಳಿಗೆ ಒಂದು ಕೆಟ್ಟ ಗುಣವೂ ಇದೆ. ಗಾಳಿ ತುಂಬಿದ ಟ್ಯೂಬು, ನಿಂತು ಹುಟ್ಟು ಹಾಕುವ ಹಲಗೆ ಇಂಥವನ್ನು ಅದು ಸದ್ದಿಲ್ಲದೆ ಹೊರಕಡಲಿಗೆ ತಳ್ಳುತ್ತದೆ. ಬೆಳಿಗ್ಗೆ ನೀರು ಕನ್ನಡಿಯಂತಿದೆ ಎಂದು ಮಕ್ಕಳನ್ನು ಟ್ಯೂಬಿನಲ್ಲಿ ಕೂರಿಸುವವರು ಇದನ್ನು ಮರೆಯಬಾರದು.

ಉಬ್ಬರ, ಇಳಿತ ಮತ್ತು ಅಳಿವೆ

ತಹಿತಿಯಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಗೇಣಿಗಿಂತ ಸ್ವಲ್ಪ ಹೆಚ್ಚು ಅಷ್ಟೆ, ಸುಮಾರು 30 ಸೆಂಟಿಮೀಟರ್. ಅದೂ ಚಂದ್ರನಿಗಿಂತ ಸೂರ್ಯನ ಮಾತು ಕೇಳುತ್ತದೆ. ನಡುಹಗಲು ಮತ್ತು ನಡುರಾತ್ರಿಯ ಸುಮಾರಿಗೆ ಉಬ್ಬರ, ಹೆಚ್ಚುಕಡಿಮೆ ಎಲ್ಲ ದಿನವೂ. ನಮಗೆ ಆ ಸುಖವಿಲ್ಲ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡೂ ಸಮವಲ್ಲ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಏರಿಳಿತ ಹೆಚ್ಚು. ಅಷ್ಟಮಿಯ ಸುತ್ತ ಕಡಿಮೆ. ಇಳಿಯತೊಡಗಿದ ಮೇಲೆ ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ನೀರು ಅತಿ ವೇಗವಾಗಿ ಇಳಿಯುತ್ತದೆ. ಒಟ್ಟು ಇಳಿತದ ಅರ್ಧದಷ್ಟು ಆ ಎರಡು ಗಂಟೆಗಳಲ್ಲೇ ಮುಗಿಯುತ್ತದೆ.

ಇದು ಎಲ್ಲಕ್ಕಿಂತ ಮುಖ್ಯವಾಗುವುದು ಅಳಿವೆಗಳಲ್ಲಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಈ ಒಂದೇ ಜಿಲ್ಲೆಯಲ್ಲಿ ಕಡಲು ಸೇರುತ್ತವೆ, ನಾಲ್ಕೂ ಬಾಯಲ್ಲಿ ಹೂಳು ತುಂಬಿಕೊಳ್ಳುತ್ತವೆ. ಇಳಿತದ ಹೊತ್ತಿನಲ್ಲಿ ಹೊರಕ್ಕೆ ಹರಿಯುವ ನದಿಯ ನೀರು ಒಳಕ್ಕೆ ಬರುವ ಅಲೆಗೆ ಎದುರಾಗುತ್ತದೆ. ಅಲೆಗಳ ನಡುವಿನ ಅಂತರ ಕುಗ್ಗುತ್ತದೆ, ಮುಖ ಕಡಿದಾಗುತ್ತದೆ, ಹೂಳಿನ ದಿಬ್ಬದ ಮೇಲೆ ಒಮ್ಮೆಲೇ ಒಡೆಯುತ್ತದೆ. ಪಕ್ಕದ ದಂಡೆಯಲ್ಲಿ ಸೊಂಟದೆತ್ತರದ ಅಲೆ ಇರುವಾಗ ಅಳಿವೆಯಲ್ಲಿ ದೋಣಿ ಮಗುಚುವುದು ಹೀಗೆ. ಹೊನ್ನಾವರದ ಮೀನುಗಾರರು ಅಳಿವೆಯ ಹೂಳೆತ್ತಬೇಕೆಂದು ಒತ್ತಾಯಿಸುತ್ತಿರುವುದು ಸುಮ್ಮನೆ ಅಲ್ಲ. ಸರ್ಫರ್‌ಗಳಿಗೆ ಅಳಿವೆಯ ಅಲೆ ಆಸೆ ಹುಟ್ಟಿಸುತ್ತದೆ, ಏಕೆಂದರೆ ಅಲ್ಲಿನ ದಿಬ್ಬ ಅಲೆಗೆ ಚಂದದ ಆಕಾರ ಕೊಡುತ್ತದೆ. ಹೋಗಲೇಬೇಕೆಂದಿದ್ದರೆ ನೀರು ಏರುವಾಗ, ಸ್ಥಳೀಯರೊಬ್ಬರು ಜೊತೆಗಿರುವಾಗ ಹೋಗಿ. ಇಳಿತದಲ್ಲಿ ಬೇಡ.

ಒಂದು ದಿನದ ಲೆಕ್ಕ

ಎಪ್ರಿಲ್‌ನ ಒಂದು ದಿನವನ್ನು ಊಹಿಸಿಕೊಳ್ಳಿ. ಮುನ್ಸೂಚನೆ ಹೀಗಿದೆ: ಎತ್ತರ 0.9 ಮೀಟರ್, ಅವಧಿ 15 ಸೆಕೆಂಡ್, ನೈರುತ್ಯದಿಂದ. ಬೆಳಿಗ್ಗೆ ಒಂಬತ್ತರವರೆಗೆ ಹಗುರ ಮೂಡುಗಾಳಿ, ಆಮೇಲೆ ಗಂಟೆಗೆ 18 ಕಿ.ಮೀ. ಪಡುಗಾಳಿ, ಎಂಟು ಗಂಟೆಗೆ ಉಬ್ಬರ. ಎತ್ತರ ಮಾತ್ರ ನೋಡಿದವನು ಮಕ್ಕಳೊಂದಿಗೆ ಕುಡ್ಲೆಗೆ ಹೊರಡುತ್ತಾನೆ. ಅವಧಿ ಓದಿದವನಿಗೆ ತಿಳಿಯುತ್ತದೆ: ಹಲವು ನಿಮಿಷ ಕಡಲು ಸುಮ್ಮನಿದ್ದು, ನಂತರ ನಾಲ್ಕೈದು ದೊಡ್ಡ ಅಲೆಗಳು ಸಾಲಾಗಿ ಬರುವ ದಿನ ಇದು. ಪಳಗಿದ ಸರ್ಫರ್ ಆರರಿಂದ ಒಂಬತ್ತರವರೆಗೆ ಕುಡ್ಲೆಯಲ್ಲಿರಬಹುದು. ಹೊಸಬರಿಗೆ, ಮಕ್ಕಳಿಗೆ ಕಾರವಾರದ ಮರೆಯ ದಂಡೆಯೇ ಮೇಲು, ಅದೂ ಜೀವರಕ್ಷಕರಿರುವ ಕಡೆ. ಓಂ ದಂಡೆಯ ಬಂಡೆಗಳ ಹತ್ತಿರ ಯಾರಿಗೂ ಕೆಲಸವಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ ಇನ್ನೂ ಸುಲಭ: ನೀರಿಗಿಳಿಯಬೇಡಿ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಅದು ಮೀನಿನ ಸಂತತಿಗೆಂದು ಮಾಡಿದ ನಿಯಮವಾದರೂ ಕಡಲಿನ ಆಗಿನ ಅವತಾರಕ್ಕೂ ಹೊಂದುತ್ತದೆ.

ದಂಡೆಗೆ ಬಂದ ಮೇಲೆ

ಎಲ್ಲ ಅಂಕಿ ಓದಿದ ಮೇಲೂ ಇಪ್ಪತ್ತು ನಿಮಿಷ ಎತ್ತರದ ಜಾಗದಲ್ಲಿ ನಿಂತು ನೋಡಿ. ಇಷ್ಟು ಹೊತ್ತು ನಿಂತರೆ ದೊಡ್ಡ ಅಲೆಗಳ ಸಾಲು ಒಮ್ಮೆಯಾದರೂ ಕಾಣುತ್ತದೆ. ಬಿಳಿ ನೊರೆಯ ಸಾಲಿನ ನಡುವೆ ಅಲೆ ಒಡೆಯದ, ಗಾಢ ಬಣ್ಣದ ಓಣಿ ಇದೆಯೇ? ಅಲ್ಲಿ ಮರಳು ಕದಡಿದ ನೀರು, ನೊರೆ, ಕಸ ಹೊರಕ್ಕೆ ತೇಲುತ್ತಿದೆಯೇ? ಅದೇ ಸೆಳೆತ. ದಂಡೆಗೆ ಅಲೆಗಳು ತಂದು ಸುರಿದ ನೀರೆಲ್ಲ ತಗ್ಗು ಹುಡುಕಿ ಹಿಂತಿರುಗುವ ದಾರಿ ಅದು. ಈಜು ಬಾರದವರು ಸಾಮಾನ್ಯವಾಗಿ ಆರಿಸುವುದು ಇದೇ ಓಣಿಯನ್ನು, ಏಕೆಂದರೆ ಅಲ್ಲಿ ಅಲೆ ಶಾಂತವಾಗಿ ಕಾಣುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ಸತ್ತರು. ಮಳೆಗಾಲ ಮುಗಿದು ಎರಡು ತಿಂಗಳಾಗಿತ್ತು.

ಸೆಳೆತಕ್ಕೆ ಸಿಕ್ಕವರು ದಂಡೆಯ ಕಡೆಗೆ ನೇರವಾಗಿ ಈಜಿ ದಣಿಯುತ್ತಾರೆ. ಬದಲಿಗೆ ಬೆನ್ನ ಮೇಲೆ ತೇಲಿ, ಕೈಯೆತ್ತಿ ಸನ್ನೆ ಮಾಡಿ. ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಬಲವಿದ್ದರೆ ದಂಡೆಗೆ ಸಮಾನಾಂತರವಾಗಿ ಈಜಿ, ನೊರೆ ಒಡೆಯುತ್ತಿರುವ ಕಡೆ ಹೊರಳಿ, ಅಲೆಯ ಜೊತೆಗೆ ಓರೆಯಾಗಿ ಬನ್ನಿ. ಹಲಗೆ ಇದ್ದವರು ಯಾವ ಕಾರಣಕ್ಕೂ ಅದನ್ನು ಬಿಡಬಾರದು.

ದಂಡೆಯಲ್ಲಿ ನಿಂತವರು ರಕ್ಷಿಸಲು ತಾವೂ ಜಿಗಿಯದೆ, ತೇಲುವ ಏನನ್ನಾದರೂ ಎಸೆಯಬೇಕು: ಟ್ಯೂಬು, ಖಾಲಿ ಕ್ಯಾನು, ಮುಚ್ಚಳ ಬಿಗಿದ ದೊಡ್ಡ ಬಾಟಲಿ. ಜೀವರಕ್ಷಕರನ್ನು ಕೂಗಿ. ತುರ್ತು ಕರೆಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554. ಕರೆ ಮಾಡಿದಾಗ ದಂಡೆಯ ಹೆಸರು, ಹತ್ತಿರದ ಗುರುತು, ವ್ಯಕ್ತಿ ಕೊನೆಗೆ ಕಂಡ ಹೊತ್ತು, ನೊರೆ ಯಾವ ಕಡೆಗೆ ಸಾಗುತ್ತಿದೆ ಎಂಬ ನಾಲ್ಕನ್ನೂ ಹೇಳಿ. ಒಬ್ಬರು ಫೋನಿನಲ್ಲಿರುವಾಗ ಇನ್ನೊಬ್ಬರು ನೀರಿನಲ್ಲಿರುವವರ ಮೇಲಿಂದ ಕಣ್ಣು ತೆಗೆಯದೆ ಆ ಕಡೆಗೇ ಕೈ ಚಾಚಿ ನಿಂತಿರಬೇಕು.